ಒಂದು ಕ್ರಿಸ್‌ಮಸ್ ಹಾಡಿಗೆ ನಾನು ಮಾಡಿದ ತಿದ್ದುಪಡಿ

ಮೂವತ್ತೊಂದು ವರ್ಷ ರಾಜಾಜಿನಗರದ ಒಂದು ಕಾನ್ವೆಂಟ್ ಶಾಲೆಯಲ್ಲಿ ನಾನು ಪಿಯಾನೋ ಮೇಷ್ಟ್ರಾಗಿದ್ದೆ. ನಿವೃತ್ತನಾಗಿ ಮೂರು ವರ್ಷವಾಯಿತು. ಈಗ ಅದೇ ಕೆಲಸಕ್ಕೆ ಸೇರಿರುವ ಇಬ್ಬರು ಹೊಸಬರು ಮನೆಗೆ ಬಂದು, "ಸಾರ್, ಕ್ರಿಸ್‌ಮಸ್ ಹಾಡುಗಳನ್ನ ನೀವು ಹೇಗೆ ಕೂರಿಸ್ತಿದ್ರಿ, ಅದನ್ನ ಬರ್ದು ಕೊಡಿ. ನಿಮ್ ಶೀಟುಗಳೇ ಈಗಲೂ ಎಲ್ಲಾ ಕಡೆ ಓಡ್ತಾ ಇರೋದು" ಅಂದರು. ಓಡುತ್ತಿರುವುದು ನಿಜ. ಅದೇ ನನ್ನ ತೊಂದರೆ. ಹಾಗೆ ಓಡಿದ ಒಂದು ಶೀಟಿನಲ್ಲಿ, ಒಬ್ಬಳು ಹೆಣ್ಣುಮಗಳಿಗೆ ಅವಳ ತಂದೆಯಿಂದ ಉಳಿದಿದ್ದ ಒಂದೇ ಹಾಡನ್ನು ನಾನು ಕೆಡಿಸಿದೆ. ಉಳಿದ ಸಂಗತಿಗಳನ್ನು ಆ ಕಥೆ ಅರ್ಥವಾಗಲೆಂದು ಹೇಳುತ್ತೇನೆ.

ನಾನು ಕ್ರೈಸ್ತನಲ್ಲ. ದಾವಣಗೆರೆ ಕಡೆಯ ಲಿಂಗಾಯತರ ಮನೆಯವನು. ಅಪ್ಪ ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು, ನಾನು ಅವರಿಂದಲೇ ಕಲಿತೆ. ಶಾಲೆಗೆ ಸೇರಿದ್ದು ಪ್ರಾರ್ಥನೆಗೆ ಹಾರ್ಮೋನಿಯಂ ನುಡಿಸುವವನಾಗಿ. ಅದೇ ವರ್ಷ ಪಿಯಾನೋ ಮಿಸ್ ಮದುವೆಯಾಗಿ ಗೋವಾಕ್ಕೆ ಹೊರಟುಹೋದರು. ಪ್ರಿನ್ಸಿಪಾಲರಾಗಿದ್ದ ಸಿಸ್ಟರ್ ಫಿಲೋಮಿನಾ ನನ್ನನ್ನು ಕರೆದು, "ಬಸವರಾಜ್, ಅದರಲ್ಲೂ ಕಪ್ಪು ಬಿಳುಪು, ಇದರಲ್ಲೂ ಕಪ್ಪು ಬಿಳುಪು. ಡಿಸೆಂಬರ್‌ವರೆಗೆ ಟೈಮ್ ಇದೆ, ಕಲಿತ್ಕೊಳ್ಳಿ" ಅಂದರು. ಆಗ ಸೆಪ್ಟೆಂಬರ್ ಮುಗಿಯುತ್ತಾ ಬಂದಿತ್ತು.

ಕಪ್ಪು ಬಿಳುಪು ಒಂದೇ, ಸರಿ. ಎಡಗೈಯ ಕಥೆ ಬೇರೆ. ಹಾರ್ಮೋನಿಯಂನವನ ಎಡಗೈ ಹುಟ್ಟಿದ ದಿನದಿಂದ ಗಾಳಿ ಹಾಕುವುದನ್ನು ಬಿಟ್ಟು ಬೇರೇನೂ ಮಾಡಿರುವುದಿಲ್ಲ. ಮೊದಲ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ನಾನು ಬಲಗೈಯಲ್ಲಿ ಹಾಡು ನುಡಿಸುತ್ತಿದ್ದರೆ ಎಡಗೈ ತನ್ನ ಪಾಡಿಗೆ ತಾನು ಗಾಳಿಯಲ್ಲಿ ತಿದಿ ಹುಡುಕುತ್ತಿತ್ತು. ಮುಂದಿನ ಸಾಲಿನಲ್ಲಿದ್ದ ಮಕ್ಕಳು ಕಿಸಕ್ಕೆಂದು ನಕ್ಕವು. ಮುಗಿದ ಮೇಲೆ ಸಿಸ್ಟರ್ ಕೇಳಿದರು, "ನಿಮ್ಮ ಎಡಗೈ ಇವತ್ತು ಕ್ಯಾಶುಯಲ್ ಲೀವಾ?" ಜನವರಿಯಿಂದ ಅವರೇ ದಿನಾ ಊಟದ ಬಿಡುವಿನಲ್ಲಿ ಪಕ್ಕದಲ್ಲಿ ಕೂತು ನನ್ನ ಎಡಗೈಗೆ ಅಕ್ಷರಾಭ್ಯಾಸ ಮಾಡಿಸಿದರು. ನನಗೆ ಸಿಕ್ಕಿದ ಮೇಲಧಿಕಾರಿಗಳಲ್ಲಿ ಬೈಯುವುದನ್ನೂ ಕಲಿಸುವುದನ್ನೂ ಒಟ್ಟಿಗೆ ಮಾಡಬಲ್ಲವರು ಅವರೊಬ್ಬರೇ.

ಮನೆಯಲ್ಲಿ ಅಭ್ಯಾಸಕ್ಕೆ ಇದ್ದದ್ದು ಅಪ್ಪನ ಹಾರ್ಮೋನಿಯಂ. ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿ, ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ನಾನು ಬೆತ್ಲೆಹೇಮಿನ ಹಾಡು ಶುರು ಮಾಡುತ್ತಿದ್ದೆ. ಕೆಳಗಿನ ಮನೆಯ ಓನರ್ ಆಂಟಿ ಒಂದು ದಿನ ನನ್ನ ಹೆಂಡತಿ ಗಿರಿಜಾಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದರಂತೆ, "ಏನ್ರೀ ಗಿರಿಜಾ, ನಿಮ್ಮೆಜಮಾನ್ರು ಚರ್ಚ್ ಸೇರ್ಕೊಂಡ್ರಾ?"

ಗಿರಿಜಾ, "ಡಿಸೆಂಬರ್ ಒಂದು ಕಳೀಲಿ ಆಂಟಿ, ಸಂಕ್ರಾಂತಿ ಹೊತ್ತಿಗೆ ಸರಿಹೋಗ್ತಾರೆ" ಅಂದಳಂತೆ. ಹತ್ತು ವರ್ಷ ಕಳೆಯುವ ಹೊತ್ತಿಗೆ ಆ ಆಂಟಿಯೇ ಬಟ್ಟೆ ಒಣಹಾಕುತ್ತಾ ಆ ಹಾಡುಗಳನ್ನು ಗುನುಗುತ್ತಿದ್ದರು. ಯಾವ ದೇವರ ಹಾಡು ಎನ್ನುವ ತಕರಾರು ಆಮೇಲೆ ಬರಲಿಲ್ಲ.

ಇನ್ನು ಕೆಲಸದ ರೀತಿ. ಇಂಗ್ಲಿಷಿನವರ ಐದು ಗೆರೆಯ ಸ್ವರಲಿಪಿ ನನಗೆ ಕೊನೆಯವರೆಗೂ ಸಲೀಸಾಗಲಿಲ್ಲ. ಓದುತ್ತಿದ್ದೆ, ಸಣ್ಣ ಅಕ್ಷರದ ಔಷಧಿ ಚೀಟಿ ಓದುವ ಹಾಗೆ. ಹಾಗಾಗಿ ಎಲ್ಲಾ ಹಾಡನ್ನೂ ಕನ್ನಡದಲ್ಲಿ ಸರಿಗಮ ಮಾಡಿ ಬರೆದುಕೊಂಡೆ. ಮೇಲಿನ ಸಾಲಿನಲ್ಲಿ ಬಲಗೈಗೆ ಸ್ವರ, ಕೆಳಗಿನ ಸಾಲಿನಲ್ಲಿ ಎಡಗೈಗೆ ಕಾರ್ಡು, ಅಂದರೆ ಒಟ್ಟಿಗೆ ಒತ್ತುವ ಮೂರು ಸ್ವರ, ನಡುವೆ ಹಾಡಿನ ಮಾತು. ಮಕ್ಕಳಿಗೆ ಇದು ಹಿಡಿಸಿತು. ಐದು ಗೆರೆ ಕಂಡು ಓಡಿಹೋಗುತ್ತಿದ್ದ ಹುಡುಗಿಯರು ಒಂದು ವಾರದಲ್ಲಿ ಎರಡು ಕೈಯಲ್ಲಿ ನುಡಿಸತೊಡಗಿದರು. ಮೊದಮೊದಲು ಕಾರ್ಬನ್ ಇಟ್ಟು ಬರೆದು ಹಂಚುತ್ತಿದ್ದೆ, ಆಮೇಲೆ ಜೆರಾಕ್ಸ್ ಬಂತು.

ಬರೆಯುವಾಗ ನಾನು ಹಾಡನ್ನು ತಿದ್ದುತ್ತಿದ್ದೆ. ಮಕ್ಕಳ ಗಂಟಲಿಗೆ ಎತ್ತರವಾದರೆ ಇಳಿಸುತ್ತಿದ್ದೆ, ಉದ್ದವಾದರೆ ಕತ್ತರಿಸುತ್ತಿದ್ದೆ, ಎಡಗೈಯ ಕಾರ್ಡಿಗೆ ಒಂದು ಸ್ವರ ಹೊಂದದಿದ್ದರೆ ಅದನ್ನು ಪಕ್ಕದ ಸ್ವರಕ್ಕೆ ಸರಿಸುತ್ತಿದ್ದೆ. ಇನ್ನೊಂದು ಜಂಬವೂ ಇತ್ತು: ಯಾವ ಹಾಡನ್ನಾದರೂ ಎರಡು ಸಲ ಕೇಳಿದರೆ ಸಾಕು, ಬರೆದು ಕೊಡುತ್ತೇನೆ. ಟೇಪ್ ರೆಕಾರ್ಡರ್ ಹಿಡಿದುಕೊಂಡು ಬರೆಯುವವರನ್ನು ನಾನು ಕಾಪಿ ಹೊಡೆಯುವ ಹುಡುಗರ ಸಾಲಿಗೆ ಸೇರಿಸಿದ್ದೆ.

ಪೇಚಿಗೆ ಸಿಕ್ಕಿದ್ದೂ ಉಂಟು. ಶಾಲೆಗೆ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದ ವರ್ಷ, ಅದರಲ್ಲಿ ಶ್ರುತಿ ಏರಿಸುವ ಇಳಿಸುವ ಒಂದು ಗುಂಡಿ ಇರುವುದು ಕಂಡು ನಾನು ಕುಣಿದಾಡಿಬಿಟ್ಟೆ. ಎಲ್ಲವನ್ನೂ ಬಿಳಿ ಕೀಗಳಲ್ಲೇ ಕಲಿಸುವುದು, ಎಷ್ಟು ಬೇಕೋ ಅಷ್ಟು ಶ್ರುತಿಯನ್ನು ಗುಂಡಿ ಒತ್ತಿ ಏರಿಸುವುದು. ಒಂಬತ್ತನೇ ಕ್ಲಾಸಿನ ಹುಡುಗಿ ಎರಡು ತಿಂಗಳು ಹಾಗೇ ಕಲಿತಳು. ಕಾರ್ಯಕ್ರಮದ ದಿನ ಮುಖ್ಯ ಅತಿಥಿಗಳ ಎದುರು ಅವಳನ್ನು ಹಾಲಿನಲ್ಲಿದ್ದ ಮರದ ಪಿಯಾನೋ ಮುಂದೆ ಕೂರಿಸಿದೆ. ಆ ಪಿಯಾನೋಗೆ ಗುಂಡಿ ಎಲ್ಲಿಂದ ಬರಬೇಕು? ಅವಳು ಕಲಿತ ಹಾಗೇ ನುಡಿಸಿದಳು, ಹಾಡು ಎರಡು ಮೆಟ್ಟಿಲು ಕೆಳಗೆ ಶುರುವಾಯಿತು. ನಲವತ್ತು ಹುಡುಗಿಯರು ಗಂಡಸರ ಭಜನೆಯ ಹಾಗೆ ಗೊಗ್ಗರು ದನಿಯಲ್ಲಿ ಕ್ರಿಸ್ತಜಯಂತಿ ಹಾಡಿದರು. ಅತಿಥಿಗಳು ಮಾತ್ರ "ವೆರಿ ಸೋಲಮ್, ವೆರಿ ಸೋಲಮ್" ಎಂದು ಹೊಗಳಿ ಹೋದರು. ಮಾರನೆಯ ದಿನ ಬಂದು ನೋಡಿದರೆ ಆ ಗುಂಡಿಯ ಮೇಲೆ ಸಿಸ್ಟರ್ ಫಿಲೋಮಿನಾ ಬ್ಯಾಂಡೇಜ್ ಅಂಟಿಸಿದ್ದರು. ಹೊಸಬರೇ, ಆ ಗುಂಡಿಯಿಂದ ದೂರವಿರಿ. ಈ ಒಂದು ಮಾತು ಉಪಯೋಗಕ್ಕೆ ಬಂದರೂ ಸಾಕು.

ಮೊಬೈಲ್ ಬಂದ ಮೇಲೆ ಹಂಚುವುದು ಸುಲಭವಾಯಿತು. ನನ್ನಲ್ಲಿ ಕಲಿತವರು ದೊಡ್ಡವರಾಗಿ ವಿಜಯನಗರ, ಕೆಂಗೇರಿ, ಮಲ್ಲತ್ತಹಳ್ಳಿ ಕಡೆಯ ಶಾಲೆಗಳಲ್ಲಿ, ಚರ್ಚಿನ ಸಭೆಗಳಲ್ಲಿ ನುಡಿಸುತ್ತಿದ್ದರು. ಅವರದೇ ಒಂದು ಗ್ರೂಪ್ ಮಾಡಿದರು. ಪ್ರತಿ ನವೆಂಬರ್‌ನಲ್ಲಿ ನಾನು ಒಂದು ಹೊಸ ಹಾಡಿನ ಶೀಟು ಬರೆದು, ಅದರ ಫೋಟೋ ತೆಗೆದು, ನುಡಿಸಿದ್ದನ್ನು ಗಿರಿಜಾಳ ಕೈಯಲ್ಲಿ ವೀಡಿಯೋ ಮಾಡಿಸಿ ಅದರಲ್ಲಿ ಹಾಕುತ್ತಿದ್ದೆ. ಬೆಳಗ್ಗೆ ಹಾಕಿದ್ದು ಸಂಜೆಯೊಳಗೆ ನನಗೆ ಗೊತ್ತಿಲ್ಲದ ಜನರ ಫೋನಿನಿಂದ ನನಗೇ ವಾಪಸು ಬರುತ್ತಿತ್ತು. ಒಳ್ಳೆಯದೆನಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಿವೃತ್ತನಾದಾಗ ಶಾಲೆಯವರು ಹಳೆಯ ಮರದ ಪಿಯಾನೋವನ್ನು ನನಗೇ ಕೊಟ್ಟರು. ಎಂಟು ಜನ ಸೇರಿ ಅದನ್ನು ಎರಡನೇ ಮಹಡಿಗೆ ಹತ್ತಿಸಿದರು. ನಡುಮನೆಯ ಅರ್ಧ ಅದರದೇ ಆಯಿತು. ಸಂಜೆ ಹೊತ್ತು ಒಬ್ಬಿಬ್ಬರಿಗೆ ಪಾಠ ಹೇಳಿಕೊಂಡಿದ್ದೆ. ಹಾಗಿರುವಾಗ, ಎರಡು ವರ್ಷದ ಹಿಂದಿನ ಆಗಸ್ಟ್‌ನಲ್ಲಿ ಸುವರ್ಣ ಬಂದಳು.

ಸುವರ್ಣ ಒಂದು ಆಸ್ಪತ್ರೆಯಲ್ಲಿ ನರ್ಸ್, ವಯಸ್ಸು ಮೂವತ್ತೈದರ ಸುಮಾರು. ಬೀದರ್ ಕಡೆಯ ಹಳ್ಳಿಯವಳು. ಬಾಪೂಜಿ ನಗರದಲ್ಲಿ ಗಂಡ, ಮಗಳ ಜೊತೆ ಬಾಡಿಗೆಗಿದ್ದಳು. ಬೀದರ್ ಕಡೆಯಿಂದ ಬಂದ ಕ್ರೈಸ್ತರು ನಲವತ್ತು ಐವತ್ತು ಜನ ಅಲ್ಲೇ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲಿನಲ್ಲಿ ಭಾನುವಾರ ಸೇರುತ್ತಿದ್ದರು. ನಾನು ವಾಡಿಕೆಯಂತೆ "ನೀವು ಮುಂಚೆ ಏನಾದರೂ ಕಲಿತಿದ್ದೀರಾ?" ಎಂದು ಕೇಳಿದೆ.

"ನನಗ ನೀವು ಅನ್ನಬ್ಯಾಡ್ರಿ ಸರ್. ಏನೂ ಕಲ್ತಿಲ್ಲ. ನನಗ ಒಂದ ಹಾಡ ಕಲಿಸ್ರಿ ಸಾಕು, ನಮ್ಮಪ್ಪ ಕಟ್ಟಿದ್ದು" ಅಂದಳು.

ಅವಳ ತಂದೆ ದೇವಪ್ಪ ಕುರಿ ಕಾಯುತ್ತಿದ್ದವರು. ಓದು ಬರಹ ಇರಲಿಲ್ಲ. ಊರ ಸಣ್ಣ ಗುಡಿಯಲ್ಲಿ, ಅವರ ಕಡೆ ಚರ್ಚನ್ನೂ ಗುಡಿ ಎಂದೇ ಅನ್ನುತ್ತಾರಂತೆ, ಪ್ರತಿ ಕ್ರಿಸ್‌ಮಸ್‌ಗೆ ತಾವೇ ಕಟ್ಟಿದ ಹಾಡು ಹಾಡುತ್ತಿದ್ದರು. ತೀರಿಕೊಂಡು ಐದು ವರ್ಷವಾಗಿತ್ತು. "ಬರ್ದಿಟ್ಟಿಲ್ಲ ಸರ್. ಒಂದ್ಸಲ ಫೋನ್‌ದಾಗ ತುಂಬಿಕೊಂಡಿದ್ದೆ, ಆ ಫೋನೇ ಹೋತು. ಈಗ ಅದು ನನ್ನ ಬಾಯಾಗ ಅದ, ನಮ್ಮವ್ವನ ಬಾಯಾಗ ಅದ, ಅಷ್ಟೇ. ನಮ್ಮ ಹಾಲ್‌ದಾಗ ಎಲ್ಲಾ ಪುಸ್ತಕದ ಹಾಡೇ ಹಾಡ್ತಾರ. ಈ ಸಲ ಕ್ರಿಸ್‌ಮಸ್‌ಕ್ಕ ಅಪ್ಪಂದು ಹಾಡಬೇಕು, ಪಿಯಾನೋ ಮ್ಯಾಲ."

"ಹಾಡು ನೋಡೋಣ" ಅಂದೆ. ಅವಳು ನೆಲ ನೋಡುತ್ತಾ ಹಾಡಿದಳು.

ಹೊಲದಾಗ ಮಲಗಿದ್ವಿ, ಬೆಳಕೊಂದು ಬಂತವ್ವ,
ಕುರಿಯೆಲ್ಲ ಎದ್ದಾವ, ಕೂಸೊಂದು ಅಳತಾದ.

ಒಳ್ಳೆಯ ಹಾಡು. ಯೇಸು ಹುಟ್ಟಿದ ರಾತ್ರಿ ಕುರುಬರಿಗೆ ದೇವದೂತ ಕಾಣಿಸಿಕೊಂಡದ್ದನ್ನು ಪುಸ್ತಕದವರು ಆಕಾಶದಿಂದ ನೋಡುತ್ತಾರೆ, ಈ ಮನುಷ್ಯ ಕಂಬಳಿಯೊಳಗಿನಿಂದ ನೋಡಿದ್ದ. ಎಲ್ಲಾ ಸರಿ, "ಕೂಸೊಂದು" ಎನ್ನುವಲ್ಲಿ ಮಾತ್ರ ಅವಳ ಗಾಂಧಾರ, ಅಂದರೆ ಸರಿಗಮದ ಗ, ಜಾರುತ್ತಿತ್ತು. ಕೆಳಗಿನ ಕೋಮಲವೂ ಅಲ್ಲ, ಮೇಲಿನ ಶುದ್ಧವೂ ಅಲ್ಲ, ಎರಡರ ನಡುವೆ ಎಲ್ಲೋ ನಿಲ್ಲುತ್ತಿತ್ತು. ಇನ್ನೊಮ್ಮೆ ಹಾಡಿಸಿದೆ. ಅಲ್ಲೇ ಜಾರಿತು. ಕಲಿಯದ ಗಂಟಲು, ಅಪಸ್ವರ ಬೀಳುತ್ತದೆ ಎಂದುಕೊಂಡೆ. ಶುದ್ಧ ಗಾಂಧಾರ ಒತ್ತಿ ನೋಡಿದೆ, ಕೆಳಗೆ ನಗುಮುಖದ ಕಾರ್ಡೊಂದು ಸರಿಯಾಗಿ ಕೂತಿತು. ಕ್ರಿಸ್‌ಮಸ್ ಹಬ್ಬದ ಹಾಡು, ಹಾಗಿದ್ದರೇ ಚೆಂದ. ಎರಡು ಸಲ ಕೇಳಿ ಬರೆದು ಮುಗಿಸಿದೆ. ರೆಕಾರ್ಡ್ ಮಾಡಿಕೊಳ್ಳಲಿಲ್ಲ. ಎದುರಿಗೆ ಫೋನ್ ಇತ್ತು, ಬೆರಳಿನಷ್ಟು ದೂರದಲ್ಲಿ.

ಮೂರು ತಿಂಗಳು ಪಾಠ ನಡೆಯಿತು. ನೈಟ್ ಡ್ಯೂಟಿ ಮುಗಿಸಿ ನೇರ ಬರುತ್ತಿದ್ದಳು, ಕೆಲವು ಸಲ ಯೂನಿಫಾರ್ಮಿನಲ್ಲೇ. ಬೆರಳು ಬೇಗ ತಿರುಗಿದವು. ಗಾಂಧಾರ ಮಾತ್ರ ಹಟ ಹಿಡಿಯಿತು. ನಾನು ಪ್ರತಿ ಸಲ ನಿಲ್ಲಿಸಿ, ಆ ಬಿಳಿ ಕೀ ಟಣ್ ಟಣ್ ಎಂದು ಒತ್ತಿ, "ಇಲ್ಲಿ ನೋಡು, ಇಲ್ಲಿಗೆ ಬಾ" ಎಂದು ಹೇಳುತ್ತಿದ್ದೆ. ಸೆಪ್ಟೆಂಬರ್‌ನಲ್ಲಿ ಒಂದು ದಿನ ಅವಳು, "ಅಪ್ಪ ಇಲ್ಲಿ ಸ್ವಲ್ಪ ಬ್ಯಾರೆ ಹಾಡ್ತಿದ್ರು ಅನಸ್ತದ ಸರ್" ಅಂದಳು. ನಾನು, "ಹಳ್ಳಿಯಲ್ಲಿ ಶ್ರುತಿಪೆಟ್ಟಿಗೆ ಇಲ್ಲದೆ ಹಾಡುವಾಗ ಹಾಗಾಗುತ್ತಮ್ಮ. ಅವರಿಗೂ ಇದೇ ಸ್ವರ ಮನಸ್ಸಿನಲ್ಲಿ ಇದ್ದಿರಬೇಕು" ಅಂದೆ. ಈ ಮಾತನ್ನು ಮರೆಯದೆ ಬರೆಯುತ್ತಿದ್ದೇನೆ. ನೋಡದ ಮನುಷ್ಯನ ಮನಸ್ಸಿನಲ್ಲಿ ಏನಿತ್ತು ಎನ್ನುವುದನ್ನು ಅವನ ಮಗಳಿಗೇ ಹೇಳಿಕೊಟ್ಟೆ. ಅವಳು ನಂಬಿದಳು, ಯಾಕೆಂದರೆ ನಾನು ಮೇಷ್ಟ್ರು. ಅಕ್ಟೋಬರ್ ಹೊತ್ತಿಗೆ ಸ್ವರ ಸರಿಯಾಗಿ ಬೀಳತೊಡಗಿತು. ಶಾಭಾಷ್ ಅಂದೆ.

ನವೆಂಬರ್‌ನಲ್ಲಿ ಶೀಟನ್ನು ಗ್ರೂಪಿಗೆ ಹಾಕಿದೆ. ಮೇಲೆ "ಸಾಹಿತ್ಯ: ದೇವಪ್ಪ" ಎಂದೂ, "ಸಂಗೀತ: ಬಸವರಾಜ್" ಎಂದೂ ಬರೆದಿದ್ದೆ. ಹಾಕುವ ಮೊದಲು ಸುವರ್ಣಳನ್ನು ಕೇಳಿದ್ದೆ. ಅಪ್ಪನ ಹೆಸರು ಅಚ್ಚಾದ ಹಾಗೆ ಕಾಣುವುದನ್ನು ನೋಡಿ ಅವಳು ಫೋನಿನ ಮೇಲೆ ಬೆರಳಾಡಿಸಿದಳು. ಆ ವರ್ಷ ಅವರ ಹಾಲಿನಲ್ಲಿ ಹಾಡಿದರು, ವಿಜಯನಗರದ ಎರಡು ಶಾಲೆಗಳಲ್ಲಿ ಹಾಡಿದರು, ಕೆಂಗೇರಿಯಲ್ಲಿ ಮಕ್ಕಳು ಕಂಬಳಿ ಹೊದ್ದು ಅದಕ್ಕೆ ಡ್ಯಾನ್ಸ್ ಮಾಡಿದ ವೀಡಿಯೋ ಬಂತು. ಎಲ್ಲಾ ಕಡೆ ಕೂಸು ಶುದ್ಧ ಗಾಂಧಾರದಲ್ಲಿತ್ತು.

ಮುಂದಿನ ವರ್ಷ, ಅಂದರೆ ಹೋದ ನವೆಂಬರ್‌ನಲ್ಲಿ, ಸುವರ್ಣಳ ತಾಯಿ ರತ್ನಮ್ಮ ಕಣ್ಣಿನ ಪೊರೆ ತೆಗೆಸಲು ಊರಿನಿಂದ ಬಂದರು. ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಒಂದು ಭಾನುವಾರ ಹಾಲಿನಲ್ಲಿ ಕ್ರಿಸ್‌ಮಸ್ ಅಭ್ಯಾಸ ಇತ್ತು, ಸುವರ್ಣ ನನ್ನನ್ನೂ ಕರೆದಿದ್ದಳು. ಅವಳು ಮುಂದೆ, ಅಲ್ಲಿದ್ದ ಹಳೆಯ ಪಿಯಾನೋ ನುಡಿಸಲು ಕೂತಳು. ನಾನು ಹಿಂದಿನ ಸಾಲಿನಲ್ಲಿ ರತ್ನಮ್ಮನವರ ಪಕ್ಕದಲ್ಲಿ ಕೂತೆ. ಅವ್ವನಿಗೆ ಮೊದಲೇ ಹೇಳಿರಲಿಲ್ಲ, ಕೇಳಿಸಿ ಬೆರಗುಗೊಳಿಸಬೇಕು ಎಂದು ಅವಳ ಆಸೆ.

ಹಾಡಿದರು. ಮೂರು ಚರಣ ಪೂರ್ತಿ. ರತ್ನಮ್ಮ ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿದರು. ಮುಗಿದ ಮೇಲೆ ನನ್ನ ಕಡೆ ವಾಲಿ, "ಹಾಡ ಛಲೋ ಅದ ಮಾಸ್ತರ್ರ. ಯಾರ್ದಿದು?" ಅಂದರು.

ನಾನು ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. "ನಿಮ್ಮ ಯಜಮಾನರದೇ ಅಲ್ವೇನಮ್ಮ" ಅಂದೆ. ಅವರು ನಾನು ತಮಾಷೆ ಮಾಡುತ್ತಿದ್ದೇನೆ ಎಂದು ನಕ್ಕರು. ಆಮೇಲೆ ನಗು ನಿಂತಿತು.

"ಮಾತು ಅವರ್ವೇ ಅವ, ಈ ಪಿಯಾನೋ ಗದ್ದಲದಾಗ ಗುರ್ತ ಸಿಗಲಿಲ್ಲ. ಅದಕ್ಕೇ ಎಲ್ಲೋ ಕೇಳಿದಂಗ ಅದ ಅಂತ ಕುಂತಿದ್ದೆ. ಹಾಡ ಅವರ್ದಲ್ಲ" ಅಂದರು. ಮತ್ತೆ ತಮ್ಮಷ್ಟಕ್ಕೆ ಸಣ್ಣ ದನಿಯಲ್ಲಿ ಹಾಡಿಕೊಂಡರು. "ಕೂಸೊಂದು" ಎನ್ನುವಲ್ಲಿ ಅವರ ದನಿ ಎರಡು ಗಾಂಧಾರಗಳ ನಡುವೆ ಹೋಗಿ ನಿಂತಿತು. ಜಾರಲಿಲ್ಲ, ನಿಂತಿತು. ಮಗಳು ಮೊದಲ ದಿನ ನನ್ನ ಮನೆಯಲ್ಲಿ ಹಾಡಿದ್ದು ಅದೇ ಜಾಗ, ಕೂದಲೆಳೆಯೂ ಆಚೀಚೆ ಇಲ್ಲ.

"ಅಲ್ಲಿ ಯಾಕಮ್ಮ ಹಾಗೆ?" ಎಂದು ಕೇಳಿದೆ.

"ಕುರಿಮರಿ ಅತ್ತಂಗ ಹಾಡ್ತಿದ್ರು ಅವರು. ಕೂಸ ಅಳತಾದ ಅಂತದ ಹಾಡು. ಅಳೋದನ್ನ ಯಾರರೆ ನಕ್ಕೋತ ಹಾಡ್ತಾರೇನ್ರಿ?"

ನನಗೆ ಬಹಳ ನಾಚಿಕೆಯಾಯಿತು. ಬೇಕಿದ್ದರೆ ಸುಮ್ಮನಿರಬಹುದಿತ್ತು. ಮುದುಕಿ ಜನವರಿಯಲ್ಲಿ ಊರಿಗೆ ಹೋಗುತ್ತಿದ್ದರು, ಹಾಡು ಹಾಗೇ ನಡೆದುಹೋಗುತ್ತಿತ್ತು. ಸುಮ್ಮನಿರುವ ಯೋಚನೆ ಬಂದದ್ದೂ ಹೌದು. ಅಷ್ಟರಲ್ಲಿ ಸುವರ್ಣ ಅವ್ವನ ಮುಖ ನೋಡಲು ನಗುತ್ತಾ ಬಂದಳು. ನಾನೇ ಹೇಳಿದೆ, "ಸುವರ್ಣಾ, ನೀನು ಮೊದಲು ಹಾಡಿದ್ದೇ ಸರಿ ಇತ್ತು. ತಪ್ಪು ನನ್ನದು. ಅವ್ವ ಹಾಡ್ತಾರೆ ಕೇಳು."

ರತ್ನಮ್ಮ ಹಾಡಿದರು. ಸುವರ್ಣಳಿಗೆ ತಕ್ಷಣ ಗೊತ್ತಾಯಿತು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ತಾನೂ ಹಾಡಲು ಹೋದಳು. ಶುದ್ಧ ಗಾಂಧಾರ ಬಂತು. ಇನ್ನೊಮ್ಮೆ ಹಾಡಿದಳು. ಮತ್ತೆ ಅದೇ. ಐದಾರು ಸಲ ಆದ ಮೇಲೆ, "ನನಗ ಬರವಲ್ದು ಸರ್. ನಿಮ್ಮದೇ ಬರಲತ್ತದ" ಅಂದಳು. ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಈಗ ಆ ಹಾಡು ಲೋಕದಲ್ಲಿ ಒಬ್ಬರ ಬಾಯಲ್ಲಿ ಮಾತ್ರ ಇತ್ತು, ಅವರಿಗೆ ಎಪ್ಪತ್ತು ದಾಟಿತ್ತು. ಮೊದಲ ಕೆಲಸವಾಗಿ ರತ್ನಮ್ಮ ಹಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ, ಒಂದಲ್ಲ ನಾಲ್ಕು ಸಲ. ಆದರೆ ಸುವರ್ಣಳಿಗೆ ಫೋನು ಬೇಕಿರಲಿಲ್ಲ. "ಫೋನ್‌ದಾಗ ಇದ್ರ ಮತ್ತ ಫೋನ್ ಜೋಡಿ ಹೋಗ್ತದ. ನನ್ನ ಬಾಯಾಗ ಬರಬೇಕು" ಅಂದಳು. ಕ್ರಿಸ್‌ಮಸ್‌ಗೆ ನಾಲ್ಕು ವಾರ ಉಳಿದಿತ್ತು.

ಅವ್ವ ಮಗಳು ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಬರತೊಡಗಿದರು. ಮೊದಲ ಶನಿವಾರ ನಾನು ಪಿಯಾನೋ ಮುಂದೆ ಕೂತು ನನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದೆ. ಎರಡೂ ಗಾಂಧಾರ ಒಟ್ಟಿಗೆ ಒತ್ತಿ, "ಇವೆರಡರ ಮಧ್ಯೆ" ಅಂದೆ. ಕರ್ಕಶ ಸದ್ದು ಬಂತು, ಅಡುಗೆಮನೆಯಿಂದ ಗಿರಿಜಾ ಇಣುಕಿದಳು. ಕೋಮಲದಿಂದ ಮೇಲಕ್ಕೆ ಜಾರಿಸು ಅಂದೆ. ಸುವರ್ಣ ಜಾರಿಸಿದಳು, ನೇರ ಬಿಳಿ ಕೀಗೆ ಹೋಗಿ ಬಿದ್ದಳು. ರತ್ನಮ್ಮ ಸೋಫಾದ ತುದಿಯಲ್ಲಿ ಕೂತು ಎಷ್ಟೋ ಹೊತ್ತು ಸಹಿಸಿಕೊಂಡರು. ಕೊನೆಗೆ, "ಮಾಸ್ತರ್ರ, ಅದನ್ನ ಮದ್ಲ ಮುಚ್ಚ್ರಿ" ಅಂದರು.

ಪಿಯಾನೋ ಮುಚ್ಚಳ ಹಾಕಿದೆ. ಪಾಠದ ಹೊತ್ತಿನಲ್ಲಿ ಅದನ್ನು ಮುಚ್ಚಿದ್ದು ನನ್ನ ಸರ್ವೀಸಿನಲ್ಲಿ ಅದೇ ಮೊದಲು.

ಅವರು ಅಡುಗೆಮನೆಗೆ ಎದ್ದುಹೋದರು. ಸೊಗಡಿನ ಅವರೆಕಾಯಿ ಬಂದ ಕಾಲ, ಗಿರಿಜಾ ಮೊರದ ತುಂಬ ಹಾಕಿಕೊಂಡು ಸುಲಿಯುತ್ತಿದ್ದಳು. ರತ್ನಮ್ಮ ಮಗಳನ್ನು ಅಲ್ಲಿ ನೆಲದ ಮೇಲೆ ಕೂರಿಸಿ, ಮಡಿಲಿಗೆ ಒಂದು ಬೊಗಸೆ ಕಾಯಿ ಸುರಿದು, "ಸುಲಿ. ಸುಲ್ಕೋತ ಹಾಡು. ಹಾಡಿನ ಕಡಿ ಲಕ್ಷ ಕೊಡಬ್ಯಾಡ" ಅಂದರು. ಹೀಗೂ ಒಂದು ಪಾಠವೇ ಎಂದು ಬಾಗಿಲಲ್ಲಿ ನಿಂತ ನನ್ನ ಕೈಗೂ ಗಿರಿಜಾ ಒಂದು ಬಟ್ಟಲು ಕೊಟ್ಟಳು. ನಾಲ್ವರೂ ಸುಲಿದೆವು. ತಪ್ಪಾದರೂ ರತ್ನಮ್ಮ ನಿಲ್ಲಿಸುತ್ತಿರಲಿಲ್ಲ, ತಾವು ಇನ್ನೊಮ್ಮೆ ಹಾಡುತ್ತಿದ್ದರು, ಅಷ್ಟೇ. ನಡುನಡುವೆ ದೇವಪ್ಪನ ಮಾತು ಬರುತ್ತಿತ್ತು. ಯಾವ ವರ್ಷ ತೋಳ ಬಂದಿತ್ತು, ಯಾವ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಮನೆಗೆ ತಂದಿದ್ದರು, ಅದು ರಾತ್ರಿಯಿಡೀ ಹೇಗೆ ಅರಚಿತ್ತು. ರತ್ನಮ್ಮ ಆ ಮರಿ ಅತ್ತದ್ದನ್ನು ಅಣಕಿಸಿ ತೋರಿಸಿದರು. ಗಿರಿಜಾ ನಕ್ಕುಬಿಟ್ಟಳು. ನಾನು ನಗಲಿಲ್ಲ. ಆ ಅಣಕದಲ್ಲಿದ್ದ ಸ್ವರ ನನಗೆ ಗೊತ್ತಿತ್ತು.

ಮೂರನೆಯ ಶನಿವಾರ, ಗಿರಿಜಾ ಮತ್ತು ಸುವರ್ಣ ಅವರೆಕಾಯಿಯಲ್ಲಿ ಹುಳ ಬಂದದ್ದರ ಬಗ್ಗೆ ಮಾರುವವನನ್ನು ಬೈಯುತ್ತಿದ್ದರು. ಬೈಗುಳದ ಮಧ್ಯೆ ಸುವರ್ಣ ಅನ್ಯಮನಸ್ಕಳಾಗಿ ಹಾಡಿಕೊಂಡಳು, ಸ್ವರ ಬಂತು. ಅವಳಿಗೆ ಗೊತ್ತಾಗಲಿಲ್ಲ. ನಾನು ಬಾಯಿ ತೆರೆದೆ, ರತ್ನಮ್ಮ ನನ್ನ ಕಡೆ ಕೈ ತೋರಿಸಿ ಸುಮ್ಮನಿರಿಸಿದರು. ಶಾಭಾಷ್ ಅನ್ನಲೂ ಬಿಡಲಿಲ್ಲ. ತಾವು ಮುಂದಿನ ಸಾಲು ಹಾಡಿದರು, ಮಗಳು ಅದರ ಮುಂದಿನದನ್ನು ಹಾಡಿದಳು. ಮೂರು ಚರಣ ಮುಗಿಯುವ ಹೊತ್ತಿಗೆ ಸುವರ್ಣಳ ಕೈ ನಿಂತಿತ್ತು, ಕಣ್ಣಿನಲ್ಲಿ ನೀರಿತ್ತು.

ಆ ರಾತ್ರಿಯೇ ನಾನು ಹೊಸ ಶೀಟು ಬರೆದೆ. "ಹಾಡು: ದೇವಪ್ಪ" ಎಂದು ಒಂದೇ ಹೆಸರು. "ಕೂಸೊಂದು" ಎನ್ನುವಲ್ಲಿ ಎರಡೂ ಸಾಲು ಖಾಲಿ ಬಿಟ್ಟು, "ಇಲ್ಲಿ ಎರಡೂ ಕೈ ಎತ್ತಬೇಕು. ಈ ಸ್ವರ ಪಿಯಾನೋದಲ್ಲಿಲ್ಲ. ಹೋದ ವರ್ಷ ನಾನು ಬರೆದದ್ದು ತಪ್ಪು. ರತ್ನಮ್ಮನವರು ಹಾಡಿದ್ದು ಜೊತೆಗಿದೆ, ಕೇಳಿ ಕಲಿಯಿರಿ" ಎಂದು ಬರೆದು ಗ್ರೂಪಿಗೆ ಹಾಕಿದೆ.

ಹೆಬ್ಬೆರಳುಗಳು ಬಂದವು, ಕೈಮುಗಿದ ಚಿತ್ರಗಳು ಬಂದವು. ಕೆಂಗೇರಿಯಿಂದ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಅಲ್ಲಿ ಟೀಚರ್, ಫೋನ್ ಮಾಡಿದಳು. "ಸಾರ್, ಬೇಜಾರ್ ಮಾಡ್ಕೋಬೇಡಿ. ಮಕ್ಕಳಿಗೆ ಹಳೇದೇ ರೂಢಿ ಆಗೋಗಿದೆ, ಡ್ಯಾನ್ಸ್ ಸ್ಟೆಪ್ಪೂ ಅದಕ್ಕೇ ಇದೆ. ಮಧ್ಯೆ ಪಿಯಾನೋ ನಿಂತ್ರೆ ಕರೆಂಟ್ ಹೋಯ್ತು ಅನ್ಕೋತಾರೆ. ಈ ವರ್ಷ ಹಾಗೇ ಇರ್ಲಿ ಬಿಡಿ ಸಾರ್." ವಿಜಯನಗರದವರು ಅಷ್ಟೂ ಹೇಳಲಿಲ್ಲ, ಹಳೆಯದನ್ನೇ ಹಾಡಿದರು. ಅವರನ್ನು ಬೈಯುವ ಮುಖ ನನಗಿಲ್ಲ. ಸುಲಭವಾಗಿ ಹಾಡಲು ಬರುವ ಹಾಗೆ ಮಾಡಿಕೊಟ್ಟವನು ನಾನೇ. ಹಂಚಿದ್ದನ್ನು ವಾಪಸು ತೆಗೆದುಕೊಳ್ಳುವ ವಿದ್ಯೆ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿದ್ದರೆ ಹೇಳಿ.

ಕ್ರಿಸ್‌ಮಸ್ ಬೆಳಗ್ಗೆ ಬಾಪೂಜಿ ನಗರದ ಹಾಲಿಗೆ ಹೋದೆ. ಸುವರ್ಣ ಎದ್ದುನಿಂತು ಹಾಡುವುದೆಂದೂ ನಾನು ಪಿಯಾನೋ ನುಡಿಸುವುದೆಂದೂ ತೀರ್ಮಾನವಾಗಿತ್ತು. ಹಾಲ್ ಜನರಿಂದ ತುಂಬಿತ್ತು. ಅವರೆಲ್ಲರೂ ಅದರ ಹಿಂದಿನ ವರ್ಷ ನನ್ನ ಶೀಟಿನಿಂದ ಆ ಹಾಡು ಕಲಿತವರು. ಎರಡು ಭಾನುವಾರ ಸುವರ್ಣ ಅವರಿಗೆ ಹೊಸದಾಗಿ ಹೇಳಿಕೊಟ್ಟಿದ್ದಳು, ತಲೆಯಾಡಿಸಿದ್ದರು. ರತ್ನಮ್ಮ ಮುಂದಿನ ಸಾಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು.

ಮೊದಲ ಚರಣದಲ್ಲಿ ಆ ಜಾಗ ಬಂದಾಗ ಕೈ ಎತ್ತಿದೆ. ಐವತ್ತು ಜನ ಶುದ್ಧ ಗಾಂಧಾರ ಹಾಡಿದರು, ಖುಷಿಯಾಗಿ, ಜೋರಾಗಿ. ನನ್ನ ತಪ್ಪನ್ನು ಅಷ್ಟು ಜನರ ಬಾಯಲ್ಲಿ ಒಟ್ಟಿಗೆ ಕೇಳಿದ್ದು ಅವತ್ತೇ. ಸುವರ್ಣ ಒಬ್ಬಳೇ ಅಪ್ಪನ ಸ್ವರದಲ್ಲಿದ್ದಳು. ಎರಡೂ ಉಜ್ಜಿಕೊಂಡು ಕೆಟ್ಟದಾಗಿ ಕೇಳಿಸಿತು. ಕೆಲವರು ಅವಳ ಕಡೆ ತಿರುಗಿ ನೋಡಿದರು, ಪಾಪ ಅಪಸ್ವರ ಹಾಡುತ್ತಿದ್ದಾಳೆ ಎನ್ನುವ ಹಾಗೆ. ಆ ನೋಟ ನಾನು ಬಲ್ಲೆ.

ಅವಳು ಕದಲಲಿಲ್ಲ. ಎರಡನೆಯ ಚರಣದಲ್ಲೂ ಅಲ್ಲೇ ನಿಂತಳು. ಮುಂದಿನ ಸಾಲಿನಿಂದ ರತ್ನಮ್ಮನವರ ಒಣ ದನಿ ಅವಳ ಜೊತೆ ಸೇರಿತು. ಜನಕ್ಕೆ ಅನುಮಾನ ಬಂತು. ಯಾವುದು ಸರಿ ಎಂದು ನನ್ನ ಕಡೆ ನೋಡಿದರು, ಒಂದು ಕೀ ಒತ್ತಿ ತೋರಿಸಿದ್ದರೆ ಸಾಕಿತ್ತು ಅವರಿಗೆ. ನಾನು ಕೈ ಕೆಳಗಿಳಿಸಲಿಲ್ಲ. ಮೂರನೆಯ ಚರಣದಲ್ಲಿ ಆ ಸಾಲು ಬರುವ ಹೊತ್ತಿಗೆ ಒಬ್ಬೊಬ್ಬರಾಗಿ ದನಿ ತಗ್ಗಿಸಿ, ಆ ಮಾತಿಗೆ ಸರಿಯಾಗಿ ಎಲ್ಲರೂ ಬಾಯಿ ಮುಚ್ಚಿದರು. ಉಳಿದದ್ದು ಅವ್ವ ಮಗಳ ಎರಡೇ ದನಿ. ಅಲ್ಲಿ ಕೂಸು ಅತ್ತಿತು.